ದೊಡ್ಡಬಸಪ್ಪನ ಊರಿನವನು ಸ್ಟೇಕ್‌ಹೌಸ್ ಹುಡುಕಿದ್ದು

ಟೀಮ್ ಡಿನ್ನರ್‌ಗೆ ಹೋಟೆಲ್ ಹುಡುಕೋ ಕೆಲಸ ಯಾರ ಆಫರ್ ಲೆಟರ್‌ನಲ್ಲೂ ಬರೆದಿರೋದಿಲ್ಲ. ಆದರೂ ಪ್ರತಿ ಟೀಮಿನಲ್ಲೂ ಒಬ್ಬನ ಕೊರಳಿಗೆ ಅದು ಬಂದು ಬೀಳುತ್ತೆ. ನಮ್ಮಲ್ಲಿ ಅವನು ನಾನು. ಬೆಂಗಳೂರಲ್ಲಿದ್ದಾಗ ಇದಕ್ಕೆ ತಲೆ ಖರ್ಚು ಮಾಡಬೇಕಾಗಿರಲಿಲ್ಲ. ಹತ್ತು ಜನ ಅಂದರೆ ಬಾರ್ಬೆಕ್ಯೂ ನೇಷನ್, ಇಪ್ಪತ್ತು ಜನ ಅಂದರೂ ಬಾರ್ಬೆಕ್ಯೂ ನೇಷನ್. 2019ರಲ್ಲಿ ಆರು ತಿಂಗಳು ಆನ್‌ಸೈಟ್ ಅಂತ ಡಾಲಸ್‌ಗೆ ಕಳಿಸಿದಾಗ ಮಾತ್ರ ಕಷ್ಟಕ್ಕೆ ಬಂತು. ಕ್ಲೈಂಟ್ ಕಡೆಯ ಮೂವರು, ನಾವು ಐವರು. ರಿಲೀಸ್ ಮುಗಿದಿತ್ತು, ಮುಂದಿನ ತಿಂಗಳು ಕಾಂಟ್ರ್ಯಾಕ್ಟ್ ಮುಂದುವರಿಯುತ್ತೋ ಇಲ್ಲವೋ ಗೊತ್ತಾಗೋದಿತ್ತು. ಮ್ಯಾನೇಜರ್ ಒಂದೇ ಸಾಲಿನ ಮೇಲ್ ಹಾಕಿದರು: ಒಳ್ಳೆಯ ಸ್ಟೇಕ್‌ಹೌಸ್ ನೋಡು, ಎಂಟು ಜನ.

ನನ್ನ ಊರು ಕುರುಗೋಡು. ಬಳ್ಳಾರಿಯಿಂದ ಕಂಪ್ಲಿ ಕಡೆ ಹೋದವರು ನೋಡಿರಬಹುದು. ನಮ್ಮೂರಿನ ದೇವರೇ ಎತ್ತು. ಎಲ್ಲಾ ಕಡೆ ಲಿಂಗದ ಮುಂದೆ ಬಸವಣ್ಣ ಕೂತಿದ್ದರೆ, ನಮ್ಮಲ್ಲಿ ಗರ್ಭಗುಡಿ ಒಳಗೇ ಒಂದೇ ಕಲ್ಲಿನ ದೊಡ್ಡಬಸವೇಶ್ವರ. ಮಾರ್ಚ್ ಹೊತ್ತಿಗೆ ತೇರು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜೆ ಮಾಡಿದ ಕೈ ಇದು. ಮನೆಯಲ್ಲಿ ಮಟನ್, ಕೋಳಿ ನಡೆಯುತ್ತೆ. ದನದ್ದು ಇಲ್ಲ. ಅಂಥವನು ಲ್ಯಾಪ್‌ಟಾಪ್ ಮುಂದೆ ಕೂತು, ಡಾಲಸ್‌ನಲ್ಲಿ ಯಾವ ಹೋಟೆಲಿನವರು ದನದ ಮಾಂಸ ಚೆನ್ನಾಗಿ ಬೇಯಿಸ್ತಾರೆ ಅಂತ ಎಕ್ಸೆಲ್ ಶೀಟ್ ಮಾಡ್ತಾ ಇದ್ದೆ.

ಶೀಟ್ ಯಾಕೆ ಅಂದರೆ, ಅದಕ್ಕೆ ಎರಡು ವಾರ ಮುಂಚೆ ಇನ್ನೊಬ್ಬರು ಆರಿಸಿದ ಒಂದು ಭಾರೀ ಹೋಟೆಲಿಗೆ ಹೋಗಿದ್ವಿ. ನಮ್ಮ ಟೀಮಿನಲ್ಲಿ ಶಿರಸಿ ಕಡೆಯ ಹುಡುಗಿ ಒಬ್ಬಳಿದ್ದಳು, ಮೊಟ್ಟೆ ಸಹ ಮುಟ್ಟದವಳು. ಎರಡೂವರೆ ಗಂಟೆ ಬ್ರೆಡ್ಡು ಬೆಣ್ಣೆ, ಒಂದು ಬೇಯಿಸಿದ ಆಲೂಗಡ್ಡೆ ಇಟ್ಟುಕೊಂಡು ನಗ್ತಾ ಕೂತಿದ್ದಳು. ವೇಟರ್‌ಗೆ ಏನು ಕೇಳಿದರೂ ‘ಕಿಚನ್‌ನಲ್ಲಿ ಕೇಳಬೇಕು’ ಅನ್ನೋದೇ ಉತ್ತರ. ಕ್ಲೈಂಟ್‌ನವರಿಗೂ ಕಸಿವಿಸಿ. ಅವಳ ತಟ್ಟೆ ನೋಡಿಕೊಂಡು ಅವರೂ ಸರಿಯಾಗಿ ತಿನ್ನಲಿಲ್ಲ. ಅವತ್ತೇ ನನಗೊಂದು ಲೆಕ್ಕ ಸಿಕ್ಕಿತು. ಎಂಟು ಜನರ ಊಟಕ್ಕೆ ಜಾಗ ಆರಿಸೋದು ಅಂದರೆ ಆ ಎಂಟರಲ್ಲಿ ಯಾರಿಗೆ ಅತಿ ಕಷ್ಟವೋ ಅವರಿಗಾಗಿ ಆರಿಸೋದು. ಉಳಿದ ಏಳು ಜನರ ಊಟ ತಾನಾಗಿ ನಡೆಯುತ್ತೆ.

ಈ ಕಾರಣಕ್ಕೇ ನಾನು ಚೈನ್ ಹೋಟೆಲ್ ಪರ. ನಮ್ಮಲ್ಲಿ ಆಹಾರದ ಬಗ್ಗೆ ಬರೆಯೋರಿಗೆ ಚೈನ್ ಅಂದರೆ ಮೂಗು ಮುರಿಯೋದು ಒಂದು ಫ್ಯಾಶನ್. ಎಲ್ಲಾ ಕಡೆ ಒಂದೇ ರುಚಿ, ಆತ್ಮ ಇಲ್ಲ ಅಂತಾರೆ. ಊರಿಂದ ಬಂದವನಿಗೆ ಆ ‘ಒಂದೇ’ ಅನ್ನೋದೇ ಧೈರ್ಯ. ಮೆನು ಮೊದಲೇ ಓದಬಹುದು, ಬೆಲೆ ಮೊದಲೇ ಗೊತ್ತು, ಒಂದು ಊರಲ್ಲಿ ಕಲಿತದ್ದು ಇನ್ನೊಂದು ಊರಲ್ಲಿ ನಡೆಯುತ್ತೆ. ಎಲ್ಲರೆದುರು ತಡವರಿಸೋದು ಉಳಿಯುತ್ತೆ.

ಹಾಗಂತ ಎಲ್ಲಾ ಚೈನೂ ಒಂದೇ ಅಲ್ಲ. ಮೊದಲು ನೋಡಿದ್ದು ಹಳೇ ಅಮೆರಿಕನ್ ಮಾದರಿಯವು. ಚಿಕಾಗೋದಲ್ಲಿ 1978ರಲ್ಲಿ ಶುರುವಾದ ಮಾರ್ಟನ್ಸ್, ನ್ಯೂ ಆರ್ಲಿಯನ್ಸ್‌ನ ರೂತ್ಸ್ ಕ್ರಿಸ್. ಈ ಎರಡನೆಯದರ ಹೆಸರು ನಾಲಿಗೆ ಮೇಲೆ ನಿಲ್ಲೋದಿಲ್ಲ ನೋಡಿ, ಅದಕ್ಕೊಂದು ಕತೆ ಇದೆ. ರೂತ್ ಫರ್ಟೆಲ್ ಅಂತ ಇಬ್ಬರು ಮಕ್ಕಳ ತಾಯಿ, ಗಂಡನಿಂದ ಬೇರೆಯಾದವಳು, ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದವಳು. 1965ರಲ್ಲಿ ಮನೆ ಅಡ ಇಟ್ಟು ‘ಕ್ರಿಸ್ ಸ್ಟೇಕ್ ಹೌಸ್’ ಕೊಂಡುಕೊಂಡಳು. 1976ರಲ್ಲಿ ಹೋಟೆಲ್ ಸುಟ್ಟು ಬೇರೆ ಜಾಗಕ್ಕೆ ಹೋಗಬೇಕಾಯ್ತು, ಕರಾರಿನ ಪ್ರಕಾರ ಹಳೇ ಹೆಸರು ಹೊಸ ಜಾಗದಲ್ಲಿ ಬಳಸೋ ಹಾಗಿರಲಿಲ್ಲ. ಹಿಂದೆ ತನ್ನ ಹೆಸರು ಸೇರಿಸಿಬಿಟ್ಟಳು. ಅಲ್ಲಿ ತಟ್ಟೆಯನ್ನೇ 260 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತರ್ತಾರೆ, ಮಾಂಸ ಚುಂಯ್ ಅಂತಲೇ ಟೇಬಲ್ಲಿಗೆ ಬರುತ್ತೆ.

ಇಂಥ ಕಡೆ ಎಲ್ಲವೂ ಬಿಡಿ ಬಿಡಿ. ಮಾಂಸದ ಬೆಲೆ ಬೇರೆ, ಪಾಲಕ್ ಬೇರೆ, ಆಲೂಗಡ್ಡೆ ಬೇರೆ. ಜೊತೆಗೆ ಪ್ರಶ್ನೆಗಳು. ಫಿಲೆಯೋ, ರಿಬ್‌ಐಯೋ, ಸ್ಟ್ರಿಪ್ಪೋ? ಎಷ್ಟು ಬೇಯಿಸಬೇಕು? ರೇರ್, ಮೀಡಿಯಮ್ ರೇರ್, ಮೀಡಿಯಮ್, ವೆಲ್ ಡನ್. ನಮ್ಮಲ್ಲಿ ಊಟಕ್ಕೆ ಕೂತವನನ್ನು ಎಷ್ಟು ಬೇಯಿಸಲಿ ಅಂತ ಯಾರಾದರೂ ಕೇಳಿದ್ದುಂಟಾ? ಅವ್ವನನ್ನು ಬಿಟ್ಟು ಅದು ಯಾರಿಗೂ ಸಂಬಂಧವಿಲ್ಲದ ವಿಷಯ. ಗೊತ್ತಿದ್ದವರಿಗೆ ಈ ಪ್ರಶ್ನೆಗಳೇ ಅರ್ಧ ಸುಖ ಅನ್ನೋದನ್ನು ನಾನು ಒಪ್ತೀನಿ. ಆದರೆ ನಮ್ಮ ಐವರಲ್ಲಿ ನಾಲ್ವರಿಗೆ ಅದು ವೈವಾ ಇದ್ದಂಗೆ. ಅವನ್ನು ಶೀಟಿನಿಂದ ತೆಗೆದೆ.

ಉಳಿದದ್ದು ಬ್ರೆಜಿಲ್ ಮಾದರಿ. ಶುರಾಸ್ಕರಿಯಾ ಅಂತಾರೆ. 1979ರಲ್ಲಿ ಪೋರ್ಟೊ ಅಲೆಗ್ರೆಯಲ್ಲಿ ಶುರುವಾದ ಫೋಗೊ ಡಿ ಶೌನ್ ಅಮೆರಿಕದಲ್ಲಿ ಮೊದಲು ಬಾಗಿಲು ತೆರೆದದ್ದು 1997ರಲ್ಲಿ, ಇದೇ ಡಾಲಸ್‌ನ ಮಗ್ಗುಲಿನ ಆಡಿಸನ್‌ನಲ್ಲಿ. ಮರುವರ್ಷ ಟೆಕ್ಸಾಸ್ ಡಿ ಬ್ರಜಿಲ್ ಕೂಡ ಅಲ್ಲೇ ಶುರುವಾಯ್ತು. ತಲೆಗಿಷ್ಟು ಅಂತ ಒಂದೇ ರೇಟು. ನಡುವೆ ದೊಡ್ಡ ಸಲಾಡ್ ಬಾರ್. ಬಡಿಸೋರು ಉದ್ದ ಕಬ್ಬಿಣದ ಸಲಾಕೆಗೆ ಮಾಂಸ ಚುಚ್ಚಿಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಸುತ್ತುತ್ತಾ ಇರ್ತಾರೆ. ದನದ್ದು, ಕುರಿ, ಕೋಳಿ, ಹಂದಿ, ಒಂದೊಂದು ಸಲಾಕೆಗೆ ಒಂದೊಂದು. ನಿಮ್ಮ ಮುಂದೆ ಒಂದು ಬಿಲ್ಲೆ. ಹಸಿರು ಮೇಲಿದ್ದರೆ ತರ್ತಾ ಇರ್ತಾರೆ, ಕೆಂಪು ತಿರುಗಿಸಿದರೆ ನಿಲ್ಲಿಸ್ತಾರೆ. ಬಾರ್ಬೆಕ್ಯೂ ನೇಷನ್ನಿನ ಬಾವುಟ ಇಳಿಸೋದು ನೆನಪಾಯ್ತಲ್ಲ?

ನನಗೆ ನೆನಪಾದದ್ದು ಅದಕ್ಕಿಂತ ಹಳೇದು. ಅಪ್ಪನ ಜೊತೆ ಬ್ಯಾಡಗಿಗೆ ಮೆಣಸಿನಕಾಯಿ ಒಯ್ದಾಗ ಖಾನಾವಳಿಯಲ್ಲಿ ಉಣ್ಣುತ್ತಿದ್ವಿ. ಮೆನು ಇಲ್ಲ. ಕೂತರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಾನಾಗಿ ಬೀಳೋದು. ಬಡಿಸೋನು ಬುಟ್ಟಿ ಹಿಡಕೊಂಡು ‘ರೊಟ್ಟಿ ಹಾಕ್ಲೇನ್ರಿ’ ಅಂತ ತಿರುಗೋನು. ಸಾಕಾದಾಗ ಅಪ್ಪ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯೋನು, ಅಷ್ಟೇ. ಕೆಂಪು ಬಿಲ್ಲೆ.

ಇಂಥದ್ದೇ ಒಂದು ಬುಕ್ ಮಾಡಿದೆ. ಮಾಡೋ ಮೊದಲು ಫೋನಿನಲ್ಲಿ ಕಾಲು ಗಂಟೆ ಮಾತಾಡಿದೆ, ಇದನ್ನು ಓದೋರಿಗೂ ಅದನ್ನೇ ಹೇಳ್ತೀನಿ. ಬರೀ ಸಲಾಡ್ ಬಾರ್ ತಗೊಂಡರೆ ಕಡಿಮೆ ರೇಟು ಇರುತ್ತೆ, ಕೇಳಿ. ಕಪ್ಪು ಕಾಳಿನ ಸಾರು ನೋಡೋಕೆ ನಮ್ಮ ಹುರುಳಿ ಸಾರಿನಂಗೇ ಇರುತ್ತೆ, ಆದರೆ ಫೆಜ್ವಾಡ ಅಂದರೆ ಅದರೊಳಗೆ ಹಂದಿ ಇರುತ್ತೆ. ಎಣ್ಣೆ ಯಾವುದು ಅಂತಲೂ ಕೇಳಿ, ನಾಚಿಕೆ ಬೇಡ. ಮೆಕ್‌ಡೊನಾಲ್ಡ್ಸ್ ತನ್ನ ಫ್ರೆಂಚ್ ಫ್ರೈಸ್‌ಗೆ ದನದ ಮಾಂಸದ ಅಂಶದ ಫ್ಲೇವರ್ ಹಾಕ್ತಿದ್ದದ್ದು ಬೆಳಕಿಗೆ ಬಂದು, ಕೇಸಾಗಿ, 2002ರಲ್ಲಿ 1 ಕೋಟಿ ಡಾಲರ್ ಕೊಟ್ಟು ರಾಜಿಯಾಯ್ತು. ಆಲೂಗಡ್ಡೆ ಅಂದ ಮಾತ್ರಕ್ಕೆ ಸಸ್ಯಾಹಾರ ಅಲ್ಲ. ಇನ್ನು ದುಡ್ಡು. ಮೆನುವಿನಲ್ಲಿ 50 ಡಾಲರ್ ಅಂತ ಕಂಡದ್ದಕ್ಕೆ ಡಾಲಸ್‌ನ ಟ್ಯಾಕ್ಸ್ 8.25 ಪರ್ಸೆಂಟ್, ಟಿಪ್ಸ್ 20 ಪರ್ಸೆಂಟ್ ಸೇರಿದರೆ 64 ಆಗುತ್ತೆ. ಅಪ್ರೂವಲ್ ಕೇಳುವಾಗ 64ಕ್ಕೇ ಕೇಳಿ.

ಶಿರಸಿಯವಳನ್ನು ಗೋಡೆ ಕಡೆಯ ತುದಿಗೆ ಕೂರಿಸಿದೆ, ಸಲಾಕೆಗಳು ಅವಳ ಭುಜದ ಮೇಲಿಂದ ಹಾಯಬಾರದು ಅಂತ. ಮರಗೆಣಸಿನ ಹಿಟ್ಟಿನ ಬಿಸಿ ಚೀಸ್ ಬ್ರೆಡ್ ಟೇಬಲ್ಲಿಗೇ ಬಂತು, ತುಪ್ಪದಂಥದ್ದರಲ್ಲಿ ಹುರಿದ ಸಿಹಿ ಬಾಳೆಹಣ್ಣು ಬಂತು. ಅವಳು ಮೂರನೇ ಸಲ ತಟ್ಟೆ ಹಿಡಕೊಂಡು ಎದ್ದಾಗ ನಾನು ನನ್ನ ಬಿಲ್ಲೆ ಹಸಿರಿಗೆ ತಿರುಗಿಸಿದೆ.

ಕ್ಲೈಂಟ್‌ನ ಹಿರಿಯ, ಅರವತ್ತರ ಹತ್ತಿರದವನು, ನಾನು ಕುರಿ ಕೋಳಿಯನ್ನಷ್ಟೇ ತಗೊಳ್ಳೋದನ್ನು ನೋಡಿ ಯಾಕೆ ಅಂತ ಕೇಳಿದ. ನಮ್ಮೂರಿನ ದೇವರು ಎತ್ತು ಅಂದೆ. ನಗ್ತಾನೆ ಅಂದುಕೊಂಡಿದ್ದೆ. ಅವನು ಫೋರ್ಕ್ ಕೆಳಗಿಟ್ಟು ತನ್ನ ಕತೆ ಶುರು ಮಾಡಿದ. ಅಲ್ಲಿ ಹಳ್ಳಿ ಕಡೆ ಶಾಲೆ ಮಕ್ಕಳು ಒಂದು ಹೋರಿಗರು ಸಾಕಿ ದೊಡ್ಡದು ಮಾಡಿ, ನಮ್ಮ ಜಾತ್ರೆಯಂಥ ಕೌಂಟಿ ಫೇರ್‌ನಲ್ಲಿ ಹರಾಜಿಗೆ ಬಿಡೋ ಪದ್ಧತಿ ಇದೆ. ಇವನು ಹನ್ನೆರಡನೇ ವಯಸ್ಸಿಗೆ ಸಾಕಿದ್ದನಂತೆ, ಹೆಸರಿಟ್ಟಿದ್ದನಂತೆ. ಹರಾಜಾದ ರಾತ್ರಿ ಪಿಕಪ್ ಗಾಡಿಯ ಹಿಂದೆ ಮಲಗಿ ಅತ್ತದ್ದು ಹೇಳಿದ. ಹೇಳಿ ಮುಗಿಸಿ ಮತ್ತೆ ಫೋರ್ಕ್ ಎತ್ತಿಕೊಂಡ. ಅವನ ತಟ್ಟೆಯಲ್ಲಿದ್ದದ್ದು ಪಿಕಾನ್ಯಾ, ಅಂದರೆ ಎತ್ತಿನ ಬೆನ್ನ ಹಿಂಭಾಗದ ಮಾಂಸ. ಇದರಲ್ಲಿ ಅವನಿಗೇನೂ ತೊಡಕು ಕಾಣಲಿಲ್ಲ, ಆ ಹೊತ್ತಿಗೆ ನನಗೂ ಕಾಣಲಿಲ್ಲ. ಆರು ತಿಂಗಳ ಎಲ್ಲಾ ಮೀಟಿಂಗ್‌ಗಳಿಗಿಂತ ಜಾಸ್ತಿ ಅವತ್ತು ಮಾತಾಡಿದ್ವಿ. ಕಾಂಟ್ರ್ಯಾಕ್ಟ್ ಮುಂದುವರೀತು. ಊಟದಿಂದಲೇ ಅಂತ ಹೇಳೋಕೆ ನನಗೇನು ಹುಚ್ಚಲ್ಲ.

(ಬೆಂಗಳೂರಲ್ಲಿ ಸ್ಟೇಕ್ ತಿನ್ನೋರಿಗೆ ಒಂದು ಮಾತು. ಹೊರದೇಶದ ದನದ ಮಾಂಸ ಭಾರತಕ್ಕೆ ತರೋ ಹಾಗಿಲ್ಲ. 2021ರಿಂದ ಜಾರಿಯಲ್ಲಿರೋ ಕರ್ನಾಟಕದ ಕಾಯ್ದೆ ಪ್ರಕಾರ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಆದ್ದರಿಂದ ಇಲ್ಲಿಯ ಮೆನುವಿನ ಟೆಂಡರ್‌ಲಾಯಿನ್ ನೋಡಿ ಟೆಕ್ಸಾಸ್ ನಿರೀಕ್ಷೆ ಮಾಡಬೇಡಿ.)

ಮರುದಿನ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪ ದಿನಾ ಕೇಳೋದನ್ನೇ ಕೇಳಿದ.

‘ಏನು ಉಂಡಿ?’

ಮುಚ್ಚಿಡೋದೇನಿತ್ತು, ಎಲ್ಲಾ ಹೇಳಿದೆ. ಬಡಿಸೋರು ಗೌಚೊ ವೇಷದಲ್ಲಿ ಇರ್ತಾರೆ, ಗೌಚೊ ಅಂದರೆ ಆ ಕಡೆ ದನ ಮೇಯಿಸೋರು ಅಂತಲೂ ಹೇಳಿದೆ.

‘ಹಂಗಾದ್ರ ದನಾ ಕಾಯೋರೇ ಬಡಸ್ತಾರೇನು?’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ರೊಕ್ಕಾ ಯಾರು ಕೊಟ್ರು?’

‘ಕಂಪನಿ.’

‘ಮತ್ತ ಹೊಟ್ಟಿ ತುಂಬ್ತೋ ಇಲ್ಲೋ?’

ತುಂಬಿತು ಅಂದೆ. ಆ ಅಜ್ಜನ ಹೋರಿಯ ಕತೆಯನ್ನೂ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದುಕೊಂಡೆ. ಟ್ರ್ಯಾಕ್ಟರ್ ತಗೊಂಡ ವರ್ಷ ನಮ್ಮ ಜೋಡೆತ್ತು ಸಂತೆಯಲ್ಲಿ ಮಾರಿದ್ವಿ. ಒಂದಕ್ಕೆ ವಯಸ್ಸಾಗಿತ್ತು, ಇನ್ನೊಂದರ ಹಿಂಗಾಲು ಕುಂಟುತ್ತಿತ್ತು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

‘ನಾವು ಮಾರಿದ್ವೆಲ್ಲ, ಅವು ಎಲ್ಲಿಗೆ ಹೋದ್ವು ಅಂತ ನಾನೇನು ಕೇಳ್ಲಿಲ್ಲಪಾ,’ ಅಂದ. ‘ಅವ ಅತ್ತನಂತಲ್ಲ, ಅಷ್ಟರ ಮಾಡ್ಯಾನ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವ್ವ ಫೋನ್ ಕಿತ್ತುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಬೇರೆ.

‘ಆ ಶಿರಸಿ ಹುಡುಗಿ ಉಂಡಳೇನು?’

ಉಂಡಳು ಅಂದೆ. ಏನೇನು ಅಂತ ಕೇಳಿದಳು. ಬಾಳೆಹಣ್ಣು ಹುರಿದು ಕೊಡ್ತಾರೆ ಅಂದಿದ್ದಕ್ಕೆ, ಎಣ್ಣ್ಯಾಗೋ ಬೆಣ್ಣ್ಯಾಗೋ ಅಂತ ಮತ್ತೆ ಕೇಳಿದಳು.