ಪಂಕ್ತಿಯಲ್ಲಿ ನುಂಗಿಕೊಂಡ ಮಾತು

2003ರ ಮೇ ತಿಂಗಳು. ಶಿರಸಿ ಸೀಮೆಯ ನಮ್ಮೂರಿನಲ್ಲಿ ದೊಡ್ಡಪ್ಪನ ತಿಥಿ. ಊಟಕ್ಕೆ ಕೂತವರ ಬಾಯಲ್ಲೆಲ್ಲ ಒಂದೇ ಮಾತು, ವೆನಿಲಾ. ಹಸಿ ಕೋಡು ಕಿಲೋಗೆ 3 ಸಾವಿರ ರೂಪಾಯಿ ದಾಟಿತ್ತು. ಅಡಿಕೆ ಬೆಲೆ ಬಿದ್ದು ಮನೆಮನೆಯಲ್ಲೂ ಕೈ ಕಟ್ಟಿದ್ದ ಕಾಲ ಅದು. ಕಳ್ಳರಿಗೆ ಹೆದರಿ ವೆನಿಲಾ ತೋಟದಲ್ಲೇ ಗುಡಿಸಲು ಹಾಕಿ ರಾತ್ರಿ ಕಾಯುತ್ತಾರೆ ಎಂದು ಒಬ್ಬರೆಂದರೆ, ಬಳ್ಳಿ ಮಾರಿಯೇ ಸಾಲ ತೀರಿಸಿದವರ ಸುದ್ದಿ ಇನ್ನೊಬ್ಬರದು.

ನನಗೆ ಬೇರೊಂದು ವಿಷಯ ಗೊತ್ತಿತ್ತು. ಜಗತ್ತಿಗೇ ಹೆಚ್ಚು ವೆನಿಲಾ ಕೊಡುವ ಮಡಗಾಸ್ಕರ್‌ಗೆ 2000ನೇ ಇಸವಿಯಲ್ಲಿ ಚಂಡಮಾರುತ ಬಡಿದು ತೋಟಗಳು ಹಾಳಾಗಿದ್ದವು. ನಮ್ಮ ಕಡೆ ಬೆಲೆ ಏರಿದ್ದಕ್ಕೆ ಅದೂ ಒಂದು ಕಾರಣ. ವೆನಿಲಾ ಬಳ್ಳಿ ನೆಟ್ಟ ಮೂರನೇ ವರ್ಷದ ಹೊತ್ತಿಗೆ ಹೂ ಬಿಡುತ್ತದೆ. ಅಲ್ಲಿಯವರು ಕೈಕಟ್ಟಿ ಕೂತಿರುತ್ತಾರೆಯೇ? ನಾವು ಈಗ ನೆಟ್ಟ ಬಳ್ಳಿ ಹೂ ಬಿಡುವಾಗ ಅವರ ಕೋಡು ಪೇಟೆಗೆ ಬಂದಾಗಿರುತ್ತದೆ. ಹಿಂದಿನ ವಾರವಷ್ಟೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಈ ಲೆಕ್ಕ ಬರೆದು, ಹೆಂಡತಿಗೆ ತೋರಿಸಿ, ‘ಇದು ನಮಗೆ ಬೇಡ’ ಎಂದಿದ್ದೆ.

ವಡೆ ಬಡಿಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಭಾವ ಕೇಳಿದರು, ‘ನಿಂದೆಂತ ವಿಚಾರ?’

ನನಗಿಂತ ಹತ್ತು ವರ್ಷ ದೊಡ್ಡವರು, ಒಂದೆಕರೆ ತೋಟದವರು. ಎದುರು ಸಾಲಿನವರೂ ತಲೆ ಎತ್ತಿ ನೋಡಿದರು. ಮನಸ್ಸಿನಲ್ಲಿದ್ದ ಮಾತು ನಾಲಿಗೆಗೆ ಬರಲಿಲ್ಲ. ‘ಹಾಕುವುದೇ ಅಂತ ಮಾಡಿದ್ದೇನೆ ಭಾವ’ ಎಂದುಬಿಟ್ಟೆ.

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಎಲ್ಲರೂ ಆಸೆ ಕಟ್ಟಿಕೊಂಡು ಕೂತಲ್ಲಿ ಅಪಶಕುನ ನುಡಿಯುವವನಾಗಲು ಮನಸ್ಸು ಬರಲಿಲ್ಲ, ಅದೊಂದು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ಜನ ಒಂದೇ ಮಾತಾಡುವಾಗ ನನ್ನ ಲೆಕ್ಕವೇ ತಪ್ಪಿರಬೇಕು ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನಿಸಿತ್ತು. ಮನೆಗೆ ಬಂದು ಅದೇ ಹಾಳೆ ತೆಗೆದು ತಿದ್ದಿದೆ. ಬೆಲೆ ಅರ್ಧಕ್ಕೆ ಇಳಿದರೂ ಲಾಭವೇ ಎಂದು ಬರೆದೆ. ಸೊಸೈಟಿಯಲ್ಲಿ 60 ಸಾವಿರ ಸಾಲ ಎತ್ತಿದೆ.

ನಾನೊಬ್ಬನೇ ಹಾಳಾಗಿದ್ದರೆ ಅದು ನನ್ನ ಮಾತಾಗುತ್ತಿತ್ತು. ಆದರೆ ಭಾವ ಊರೆಲ್ಲ ಹೇಳಿಕೊಂಡು ಬಂದರು, ‘ಅವ ಓದಿದವ, ನೋಡದೆ ಕೈ ಹಾಕುವವನಲ್ಲ’ ಎಂದು. ಅವರೂ ಸಾಲ ಮಾಡಿದರು. ಫಲ ಬರುತ್ತಿದ್ದ ಕಾಳುಮೆಣಸಿನ ಬಳ್ಳಿ ಕಿತ್ತು ಆ ಮರಗಳಿಗೆ ವೆನಿಲಾ ಹಬ್ಬಿಸಿದರು.

2006ರಲ್ಲಿ ಹೂ ಬಂತು. ತಿಳಿ ಹಸಿರು ಹಳದಿಯ ಹೂ, ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದಕ್ಕೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ತೆಂಗಿನ ಗರಿಯ ಕಡ್ಡಿಯಿಂದ ಒಳಗಿನ ತೆಳು ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಬೇಕು. 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಅಲ್ಬಿಯಸ್ ಕಂಡುಕೊಂಡ ವಿಧಾನ ಇದು. ಬಳ್ಳಿಯ ರಸ ತಾಗಿ ಹೆಂಡತಿಯ ಮುಂಗೈ ತುರಿಸಿ ಕೆಂಪಾಗುತ್ತಿತ್ತು. ಬೆಲೆ ಆಗಲೇ ಕುಸಿದಿತ್ತು. ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಬೇರೆ ದೇಶಗಳೂ ನೆಟ್ಟಿದ್ದವು, ದುಬಾರಿ ಕಾಲದಲ್ಲಿ ಕೃತಕ ವೆನಿಲಿನ್‌ಗೆ ಹೊರಳಿದ ಕಂಪನಿಗಳು ಮರಳಲಿಲ್ಲ. ಅದು ಗೊತ್ತಿದ್ದೂ ಬೆಳಿಗ್ಗೆ ಆರಕ್ಕೆ ಎಲ್ಲರೂ ಕಡ್ಡಿ ಹಿಡಿದು ತೋಟಕ್ಕಿಳಿಯುತ್ತಿದ್ದೆವು, ಪಕ್ಕದ ತೋಟದವರು ಇಳಿಯುತ್ತಿದ್ದರಲ್ಲ!

ಕೊಯ್ಲಾದಾಗ ಕಿಲೋಗೆ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ಭಾವನ ಜಗಲಿಯ ಮೂಲೆಯಲ್ಲಿ ಕೋಡು ತುಂಬಿದ ಎರಡು ಚೀಲ ಬೂಸಲು ಹಿಡಿಯುವವರೆಗೂ ಇದ್ದವು. ಅವುಗಳತ್ತ ನೋಡದೆ ಕವಳ ಹಾಕುವುದನ್ನು ನಾನು ಅಭ್ಯಾಸ ಮಾಡಿಕೊಂಡೆ.

ಮುಂದೆ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗದ ಬಗ್ಗೆ ಓದಿದೆ. ಒಂದು ಗೆರೆಗೆ ಸಮನಾದ ಗೆರೆ ಮೂರರಲ್ಲಿ ಯಾವುದು ಎಂದು ಹೇಳಬೇಕು, ಮಗುವೂ ಹೇಳಬಹುದಾದ ಉತ್ತರ. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಗೆರೆ ತೋರಿಸಿದರೆ, ಸುಮಾರು ಮೂರರಲ್ಲೊಂದು ಸಲ ಪರೀಕ್ಷೆಗೆ ಕೂತ ಒಬ್ಬನೂ ತಪ್ಪನ್ನೇ ಹೇಳುತ್ತಿದ್ದ. ಅದನ್ನು ಓದುವಾಗ ನನಗೆ ಸಮಾಧಾನವೇ ಆಗಿತ್ತು, ನಾನೊಬ್ಬನೇ ಅಲ್ಲವೆಂದು. ಮುಂದಿನ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಗೆರೆ ತೋರಿಸಿದರೂ ಸಾಕು, ಆ ತಪ್ಪುಗಳು ಕಾಲು ಭಾಗಕ್ಕೆ ಇಳಿಯುತ್ತಿದ್ದವಂತೆ. ಆವತ್ತಿನ ಪಂಕ್ತಿಯಲ್ಲಿ ಆ ಒಬ್ಬ ನಾನಾಗಬೇಕಿತ್ತು. ಲೆಕ್ಕ ನನ್ನ ಹತ್ತಿರ ಇತ್ತು.

ಹದಿನೈದು ವರ್ಷಕ್ಕೂ ಮೇಲೆ ಇದನ್ನು ಭಾವನಿಗೆ ಹೇಳಲಾಗಲಿಲ್ಲ. ಅಡಿಕೆ ಕೊಡುವ ಮೊದಲು ಈಗಲೂ ಅವರು ನನ್ನನ್ನೇ ಕೇಳುತ್ತಾರೆ, ‘ಈ ವಾರ ಕೊಡಲೋ, ತಡೆಯಲೋ?’ ಎಂದು. ಕಳೆದ ಮಳೆಗಾಲದ ಒಂದು ಸಂಜೆ ಅದೇ ಜಗಲಿಯಲ್ಲಿ ಎಲ್ಲ ಹೇಳಿಬಿಟ್ಟೆ, ಕ್ಯಾಲೆಂಡರ್ ಹಾಳೆಯ ವಿಷಯವನ್ನೂ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಅಂಗಳ ನೋಡುತ್ತ ಕೂತರು.

‘ನನಗೂ ಅವತ್ತು ಮನಸ್ಸಿರಲಿಲ್ಲ ಮಾರಾಯ’ ಎಂದರು. ‘ನೀನಾದರೂ ಬೇಡ ಅನ್ನಬಹುದು ಅಂತಲೇ ಕೇಳಿದ್ದೆ.’