ಕರಗಿದ ತಾಮ್ರ, ಗಟ್ಟಿಯಾದ ರೆಕ್ಕೆ

ಮುಂಡಗೋಡ ತಾಲ್ಲೂಕಿನ ಪಾಳಾದ ಮನೆಯೊಂದರಲ್ಲಿ ಅಲ್ಯೂಮಿನಿಯಂ ಪಾತ್ರೆ ಕೈತಪ್ಪಿ ಬಿದ್ದರೆ ಅದರ ಅಂಚು ನೆಗ್ಗುತ್ತದೆ. ಮುಗಿಲೆತ್ತರದಲ್ಲಿ ಹಾರುವ ಅನೇಕ ವಿಮಾನಗಳ ರೆಕ್ಕೆಯಲ್ಲಿ ಬಹುಪಾಲು ಇರುವುದೂ ಇದೇ ಲೋಹ. ಪಾತ್ರೆಯಲ್ಲಿ ಅಷ್ಟು ಮೆತ್ತಗಿರುವ ಲೋಹ, ರೆಕ್ಕೆಯಲ್ಲಿ ನೂರಾರು ಜನರ ಪ್ರಾಣವನ್ನು ಹೊರುವಷ್ಟು ಗಟ್ಟಿಯಾದುದು ಹೇಗೆ?

ಶುದ್ಧ ಅಲ್ಯೂಮಿನಿಯಂನಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿರುತ್ತವೆ. ಪೆಟ್ಟು ಬಿದ್ದೊಡನೆ ಒಂದು ಸಾಲು ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ, ಲೋಹ ಬಾಗುತ್ತದೆ. ಅದರೊಳಗೆ ಸ್ವಲ್ಪ ತಾಮ್ರವನ್ನು ಕರಗಿಸಿದರೆ, ಗಾತ್ರದಲ್ಲಿ ಭಿನ್ನವಾದ ಆ ಪರಮಾಣುಗಳು ಸಾಲನ್ನು ಕದಡಿ ಜಾರುವಿಕೆಯನ್ನು ತಡೆಯುತ್ತವೆ.

ಬಿಸಿಯಾದ ಪಾಕದಲ್ಲಿ ಹೆಚ್ಚು ಸಕ್ಕರೆ ಕರಗುತ್ತದೆ, ಆರಿದಾಗ ಹರಳುಗಟ್ಟುತ್ತದೆ. ಲೋಹದ ರೀತಿಯೂ ಅದೇ. 548 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಟ್ಟಿ ಅಲ್ಯೂಮಿನಿಯಂ ನೂರಕ್ಕೆ 5 ಭಾಗಕ್ಕಿಂತ ಹೆಚ್ಚು ತಾಮ್ರವನ್ನು ತನ್ನೊಳಗೆ ಇರಿಸಿಕೊಳ್ಳಬಲ್ಲದು. ಸಾಮಾನ್ಯ ಉಷ್ಣತೆಯಲ್ಲಿ ಅರ್ಧ ಭಾಗವನ್ನೂ ಇರಿಸಿಕೊಳ್ಳಲಾರದು. ಸುಮಾರು 500 ಡಿಗ್ರಿಗೆ ಕಾಯಿಸಿದ ಮಿಶ್ರಲೋಹವನ್ನು ಥಟ್ಟನೆ ತಣ್ಣೀರಿನಲ್ಲಿ ಅದ್ದಿದರೆ, ಹೊರಬರಲು ವೇಳೆ ಸಾಲದೆ ತಾಮ್ರವು ಒಳಗೇ ಸಿಕ್ಕಿಕೊಳ್ಳುತ್ತದೆ.

1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಹೀಗೆ ಅದ್ದಿದ ಲೋಹದ ಗಡಸುತನವನ್ನು ಅಳೆದನು. ಕೆಲವು ದಿನ ಬಿಟ್ಟು ಮತ್ತೆ ಅಳೆದಾಗ ಅದು ಹೆಚ್ಚಾಗಿತ್ತು! ಯಾರೂ ಮುಟ್ಟದ ಲೋಹ ತಾನಾಗಿ ಬಲಿತಿತ್ತು. ಸಿಕ್ಕಿಕೊಂಡ ತಾಮ್ರದ ಪರಮಾಣುಗಳು ಮೆಲ್ಲಮೆಲ್ಲನೆ ಸೂಕ್ಷ್ಮ ಗುಂಪುಗಳಾಗಿ ಇನ್ನೂ ಬಲವಾದ ತಡೆಯೊಡ್ಡುವುದೇ ಇದಕ್ಕೆ ಕಾರಣವೆಂಬುದನ್ನು 1938ರಲ್ಲಿ ಫ್ರಾನ್ಸಿನ ಗಿನಿಯೇ ಮತ್ತು ಇಂಗ್ಲೆಂಡಿನ ಪ್ರೆಸ್ಟನ್ ಕ್ಷಕಿರಣಗಳ ನೆರವಿನಿಂದ ಬೇರೆಬೇರೆಯಾಗಿಯೇ ತೋರಿಸಿಕೊಟ್ಟರು.

ಎರಡೇ ವರ್ಷಗಳ ಬಳಿಕ, 1940ರಲ್ಲಿ, ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ಲೋಹದ ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. ವಿಮಾನ ಕಟ್ಟುವವರು ಇಂಥ ಮಿಶ್ರಲೋಹದ ಕೆಲವು ಬಗೆಯ ರಿವೆಟ್ ಮೊಳೆಗಳನ್ನು ಕಾಯಿಸಿ, ಅದ್ದಿ, ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ಚಳಿಯಲ್ಲಿ ತಾಮ್ರ ಕದಲದು. ಮೊಳೆ ಮೃದುವಾಗಿಯೇ ಉಳಿಯುತ್ತದೆ. ಹೊರತೆಗೆದು ಬಡಿದ ಮೇಲೆ ರೆಕ್ಕೆಯಲ್ಲಿದ್ದುಕೊಂಡೇ ಗಟ್ಟಿಯಾಗುತ್ತದೆ.

ಆದರೆ ಕಾವು ಅತಿಯಾಗಬಾರದು. 200 ಡಿಗ್ರಿಗೂ ಮೀರಿದ ಕಾವಿನಲ್ಲಿ ಬಹುಕಾಲ ಇದ್ದರೆ ಸೂಕ್ಷ್ಮ ಗುಂಪುಗಳು ಕೂಡಿ ದಪ್ಪ ಕಣಗಳಾಗುತ್ತವೆ. ತಡೆಗಳು ವಿರಳವಾಗಿ ಲೋಹದ ಬಲ ಕುಗ್ಗುತ್ತದೆ. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ ಕಾಂಕಾರ್ಡ್ ವಿಮಾನವು ಶಬ್ದದ ಸುಮಾರು ಎರಡು ಪಟ್ಟಿಗಿಂತ ಹೆಚ್ಚು ವೇಗಕ್ಕೆ ಹೋಗದಿದ್ದುದಕ್ಕೆ ಅದರ ಅಲ್ಯೂಮಿನಿಯಂ ಮೈ ಸಹಿಸಬಲ್ಲ ಕಾವಿನ ಮಿತಿಯೇ ಮುಖ್ಯ ಕಾರಣ.

ಸರಿಯಾಗಿ ಕಾಯದ ರೆಕ್ಕೆಯೂ ಸರಿಯಾಗಿ ಕಾದ ರೆಕ್ಕೆಯೂ ನೋಟಕ್ಕೆ ಒಂದೇ. ವ್ಯತ್ಯಾಸ ತಿಳಿಯುವುದು ಆಕಾಶದಲ್ಲಿ. ಆದುದರಿಂದ ಕುಲುಮೆಯ ಬಳಿ ಉಷ್ಣತಾಮಾಪಕವನ್ನೂ ಗಡಿಯಾರವನ್ನೂ ನೋಡುತ್ತ ನಿಂತ ಕೆಲಸಗಾರನ ಎಚ್ಚರವು, ಅವನು ಎಂದಿಗೂ ಕಾಣದ ಪ್ರಯಾಣಿಕರ ಪ್ರಾಣವನ್ನು ಕಾಯುತ್ತದೆ.