ಚಾಲಕನ ಸೀಟು

ಕ್ವೆಂಟಿನ್ ಟರಂಟಿನೊನ ‘ಡೆತ್ ಪ್ರೂಫ್’ (2007) ಮೊದಲ ಸಲ ನೋಡಿದಾಗ ನಮಗೆ ಬೇಸರವಾಗಿತ್ತು. ಹುಡುಗಿಯರ ಮುಗಿಯದ ಹರಟೆ, ಕೊನೆಗೆ ಕಾರುಗಳ ಓಟ. ತನ್ನ ಚಿತ್ರಗಳಲ್ಲೇ ಕಳಪೆ ಇದೇ ಇರಬೇಕೆಂದು 2012ರಲ್ಲಿ ಆತನೇ ಹೇಳಿದಾಗ ನಾವೂ ತಲೆಯಾಡಿಸಿದೆವು.

ಇತ್ತೀಚೆಗೆ ಮತ್ತೆ ನೋಡಿದೆವು. ಸ್ಟಂಟ್‌ಮ್ಯಾನ್ ಮೈಕ್‌ನ ಕಾರಿನಲ್ಲಿ ಎಂಥ ಅಪಘಾತವಾದರೂ ಸಾವಿಲ್ಲ. ಆದರೆ ಆ ರಕ್ಷಣೆ ಚಾಲಕನ ಸೀಟಿಗೆ ಮಾತ್ರ. ಪಕ್ಕದಲ್ಲಿ ಕೂತ ಹೆಣ್ಣು ಸಾಯುತ್ತಾಳೆ.

2018ರಲ್ಲಿ ಉಮಾ ಥರ್ಮನ್ ಹೇಳಿದ್ದು ನೆನಪಾಯಿತು. ‘ಕಿಲ್ ಬಿಲ್’ ಚಿತ್ರೀಕರಣದಲ್ಲಿ ಆಕೆ ಹಿಂಜರಿದರೂ ಇದೇ ನಿರ್ದೇಶಕ ಕಾರು ಓಡಿಸಲು ಒಪ್ಪಿಸಿದ್ದ. ಕಾರು ಮರಕ್ಕೆ ಬಡಿದು ಆಕೆಯ ಕತ್ತು, ಮೊಣಕಾಲುಗಳಿಗೆ ಪೆಟ್ಟಾಯಿತು. ಬದುಕಿನಲ್ಲಿ ತಾನು ಅತಿ ಹೆಚ್ಚು ಪಶ್ಚಾತ್ತಾಪಪಡುವ ಸಂಗತಿಗಳಲ್ಲಿ ಅದೂ ಒಂದೆಂದು ಆತ ಒಪ್ಪಿಕೊಂಡ.

ಅದೇ ‘ಕಿಲ್ ಬಿಲ್’ನಲ್ಲಿ ಥರ್ಮನ್‌ಗೆ ಡ್ಯೂಪ್ ಆಗಿದ್ದ ಝೋಯಿ ಬೆಲ್ ಇಲ್ಲಿ ತನ್ನದೇ ಹೆಸರಿನಲ್ಲಿ ಬರುತ್ತಾಳೆ. ಓಡುವ ಕಾರಿನ ಬಾನೆಟ್ ಮೇಲೆ ನಿಜವಾಗಿಯೂ ಮಲಗುತ್ತಾಳೆ. ಹರಟೆ ಕೇಳಿದ್ದರಿಂದಲೇ ಆಕೆ ನಮಗೆ ಪರಿಚಿತಳು. ಹಾಗಾಗಿಯೇ ಜೀವ ಬಾಯಿಗೆ ಬರುತ್ತದೆ.

ಕತೆ ಬರೆಯುವ ನಾವು ಒಮ್ಮೆ ಯೋಚಿಸಬೇಕು. ಕ್ಷೇಮವಾದ ಸೀಟಿನಲ್ಲಿ ಕೂತು, ಮಾತಾಡಲೂ ಬಿಡದೆ, ಎಷ್ಟು ಹೆಣ್ಣುಗಳನ್ನು ಕತೆಯ ಕೊನೆಗೆ ಸಾಯಿಸಿದ್ದೇವೆ?